ಹಂಗಾಮಿ ಶೇಷಗಿರಿಯ ಒಡ್ಡು

ರಾಯಚೂರಿನ ಬಜಾರಿನಲ್ಲಿ ಹ್ಯಾಟು ಕೊಳ್ಳುವವರೆಗೆ ಶೇಷಗಿರಿಯಿಂದ ಯಾರಿಗೂ ತೊಂದರೆಯಾದ ದಾಖಲೆ ಇಲ್ಲ. ನಿಜಾಮ ಸರಕಾರದ ಬೇಸಾಯ ಖಾತೆಯಲ್ಲಿ ಅವನು ಹಂಗಾಮಿ ನೌಕರ. ಹಂಗಾಮಿ ಎಂದರೆ ಸರಕಾರಕ್ಕೆ ಬೇಕಾದಾಗ ನೆನಪಾಗುವ, ಬೇಡವಾದಾಗ ಮರೆತುಹೋಗುವ ಮನುಷ್ಯ. ಇದರಿಂದ ಸರಕಾರಕ್ಕೆ ಅನುಕೂಲವಾಗಿತ್ತು. ಶೇಷಗಿರಿಯ ಸಂಸಾರ ಮಾತ್ರ ಶುರುವಾಗದೆ ನಿಂತಿತ್ತು.

ಅವನ ಮಾವ ಪ್ರಹ್ಲಾದಾಚಾರ್ಯರು ಮಾನ್ವಿಯ ಪಾಠಶಾಲೆಯಲ್ಲಿ ಶಾಸ್ತ್ರ ಹೇಳುವವರು. ಮದುವೆಯಾಗಿ ಎರಡು ಬೇಸಿಗೆ ಕಳೆದರೂ ಮಗಳು ಅಹಲ್ಯಾಬಾಯಿಯನ್ನು ಅಳಿಯನ ಮನೆಗೆ ಕಳಿಸಿರಲಿಲ್ಲ. ಕೆಲಸ ಕಾಯಂ ಆದ ಮರುದಿನವೇ ತಾವೇ ಕರೆತಂದು ಬಿಡುವುದಾಗಿಯೂ, ಅಲ್ಲಿಯತನಕ ಆ ಮಾತು ಎತ್ತಬಾರದೆಂದೂ ಹೇಳಿಬಿಟ್ಟಿದ್ದರು. ಶೇಷಗಿರಿ ಹಬ್ಬಕ್ಕೆ ಹೋದಾಗೆಲ್ಲ ಎಲೆಯ ಮುಂದೆ ಕೂತವನಿಗೆ ಆಚಾರ್ಯರು ಮೊದಲು ಕೇಳುತ್ತಿದ್ದುದು ಒಂದೇ: ಕಾಯಂ ಆಯಿತೇ? ಆಗಿಲ್ಲವೆಂದರೆ ತುಪ್ಪ ಬರುವುದು ತಡವಾಗುತ್ತಿತ್ತು.

1945ರ ಬೇಸಿಗೆಯಲ್ಲಿ ಅವಕಾಶ ತಾನಾಗಿ ಬಂತು. ಖಾತೆಯ ಮೇಲಧಿಕಾರಿ ಮೊಹತಮಿಮ್ ಸೈಫುದ್ದೀನ್ ಸಾಹೇಬರು ಅವನನ್ನು ಕರೆಸಿ ಕೆಲಸ ಹೇಳಿದರು. ದೇವದುರ್ಗ ತಾಲೂಕಿನ ಜಾಲಿಹಾಳದಲ್ಲಿ ಮಳೆ ಬಂದಾಗೆಲ್ಲ ಗುಡ್ಡದ ಬದಿಯ ಹೊಲಗಳ ಮಣ್ಣು ಹಳ್ಳಕ್ಕೆ ಇಳಿದು, ಹಳ್ಳ ಅದನ್ನು ಕೆರೆಗೆ ಒಯ್ದು, ಕೆರೆ ಅರ್ಧಕ್ಕರ್ಧ ಹೂಳು ತುಂಬಿತ್ತು. ಹಳ್ಳದ ದಂಡೆಯ ಗಿಡಗಳನ್ನು ಯುದ್ಧಕಾಲದ ಉರುವಲಿಗೆಂದು ಕಡಿದಾಗಿತ್ತು. ಉಳಿದ ಹುಲ್ಲನ್ನು ಆಡುಗಳು ಮೇಯ್ದಿದ್ದವು. ನವಿಲು, ಗೌಜಲಕ್ಕಿ ಇದ್ದವೆಂಬುದನ್ನು ಮುದುಕರು ಮಾತ್ರ ಹೇಳುತ್ತಿದ್ದರು. ಗುಡ್ಡದ ಬದಿಗೆ ಅಡ್ಡಲಾಗಿ, ಏರಿಳಿತವಿಲ್ಲದೆ ಒಂದೇ ಮಟ್ಟದಲ್ಲಿ ಮಣ್ಣಿನ ಒಡ್ಡು ಹಾಕಿಸಬೇಕು. ಹಳ್ಳದ ದಂಡೆಯನ್ನು ಉಳದೆ, ಮೇಯಿಸದೆ ಬಿಟ್ಟು ಹುಲ್ಲು, ಹೊಂಗೆ ಬೆಳೆಸಬೇಕು. ಜಮೀನು ರೈತರದು, ಆದ್ದರಿಂದ ಎಲ್ಲರೂ ಒಪ್ಪಬೇಕು. ಮುಂಗಾರಿನ ಮಿರಗದ ಮಳೆಗೆ ಮುಂಚೆ ಸಾಹೇಬರೇ ಬಂದು ನೋಡುತ್ತಾರೆ. ರೈತರು ಅವರೆದುರು ಬಾಯಿಬಿಟ್ಟು ಒಪ್ಪಿದರೆ ಶೇಷಗಿರಿಯನ್ನು ಕಾಯಂ ಮಾಡಲು ಶಿಫಾರಸು. ಒಬ್ಬರು ತಲೆ ಅಲ್ಲಾಡಿಸಿದರೂ ಬೇರೆ ಕೆಲಸ ನೋಡಿಕೊಳ್ಳಬಹುದು.

ಇಷ್ಟು ದೊಡ್ಡ ಕೆಲಸವನ್ನು ಟೋಪಿ ಹಾಕಿಕೊಂಡು ಮಾಡುವುದು ಸರಿಯಲ್ಲವೆಂದು ಶೇಷಗಿರಿಗೆ ಅನ್ನಿಸಿತು. ಹ್ಯಾಟು ಕೊಂಡ. ಅದು ಒಂದು ಅಳತೆ ದೊಡ್ಡದಾಗಿ ಕಿವಿಯ ಮೇಲೆ ಕೂತು ಎದುರಿನವರ ಮಾತು ಅರ್ಧ ಕೇಳಿಸದಂತೆ ಮಾಡುತ್ತಿತ್ತು. ದೊಡ್ಡ ಅಧಿಕಾರಿಗಳಿಗೆ ರೈತರ ಮಾತು ಯಾಕೆ ಕೇಳಿಸುವುದಿಲ್ಲ ಎಂಬುದಕ್ಕೆ ಇದೇ ಕಾರಣವಿರಬಹುದು.

ಜೊತೆಗೆ ಚಪರಾಸಿ ಮೆಹಬೂಬ್ ಪಾಷಾ ಇದ್ದ. ಹಂಗಾಮಿ ನೌಕರನ ಕೈಕೆಳಗೆ ತಾನು ಕಾಯಂ ಚಪರಾಸಿಯಾಗಿರುವುದು ಅವನಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತು. ಆದ್ದರಿಂದ ಜಾಲಿಹಾಳದ ಅಗಸೆ ಬಾಗಿಲಲ್ಲಿ ಕೇಳಿದವರಿಗೆ, ಬಂದವರು ಹೈದರಾಬಾದಿನ ಬಹಳ ದೊಡ್ಡ ಸಾಹೇಬರೆಂದೂ, ಏನು ನೋಡಲು ಬಂದಿದ್ದಾರೆಂಬುದನ್ನು ಹೇಳುವ ಹುಕುಂ ತನಗಿಲ್ಲವೆಂದೂ ಹೇಳಿದ.

ಆ ವರ್ಷಗಳಲ್ಲಿ ಹಳ್ಳಿಗೆ ಹ್ಯಾಟು ಬಂದರೆ ಜನ ಮೊದಲು ನೆನೆಯುತ್ತಿದ್ದುದು ಲೆವಿಯನ್ನು. ಯುದ್ಧಕ್ಕೆಂದು ಸರಕಾರ ಬೆಳೆದ ಜೋಳದಲ್ಲಿ ಪಾಲು ಎತ್ತುತ್ತಿತ್ತು. ಲೆವಿಯವರು ಬಂದು ಮನೆ, ಅಟ್ಟ, ಹಿತ್ತಿಲು ಶೋಧಿಸುತ್ತಿದ್ದರು. ಈ ಸೀಮೆಯವರು ಜೋಳ ಕಾಪಾಡುತ್ತಿದ್ದುದು ಹಗೇವಿನಲ್ಲಿ: ಗಟ್ಟಿ ನೆಲದಲ್ಲಿ ತೋಡಿದ ಆಳವಾದ ಗುಳಿಗೆ ಸೊಪ್ಪೆ ಹಾಸಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮುಚ್ಚುವುದು. ಊರೊಳಗಿನ ಹಗೇವು ಲೆವಿಯವರಿಗೆಲ್ಲ ಗೊತ್ತಾಗಿದ್ದರಿಂದ ಜಾಲಿಹಾಳದವರು ಹೊಸ ಹಗೇವುಗಳನ್ನು ಗುಡ್ಡದ ಬದಿಯ ಹೊಲಗಳ ಗರಸು ನೆಲದಲ್ಲಿ ತೋಡಿದ್ದರು. ಅಲ್ಲಿಗೆ ಯಾವ ಅಧಿಕಾರಿಯೂ ಬಿಸಿಲಲ್ಲಿ ಏರಿಬರಲಾರ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯೇ ಇತ್ತು. ಶೇಷಗಿರಿ ಒಬ್ಬ ಅದರಲ್ಲಿ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ನೇರವಾಗಿ ಅಲ್ಲಿಗೇ ಏರಿ ಮೂರು ಕಾಲಿನ ಮೇಲೆ ದುರ್ಬೀನು ನಿಲ್ಲಿಸಿದ. ಅದು ನೆಲದ ಮಟ್ಟ ನೋಡುವ ಯಂತ್ರ. ಆ ಕಾಲದ ಅಂಥ ಯಂತ್ರಗಳಲ್ಲಿ ಎದುರಿನ ವಸ್ತು ತಲೆಕೆಳಗಾಗಿ ಕಾಣುತ್ತಿತ್ತು. ನೋಡಿ ರೂಢಿಯಾದವರಿಗೆ ಇದರಿಂದ ತೊಂದರೆಯಿಲ್ಲ. ಊರಿನ ಗೌಡ ಗದ್ದೆಪ್ಪ ಮಾತ್ರ ನೋಡಿ ರೂಢಿಯಾದವನಲ್ಲ. ಮರ್ಯಾದೆಗೆಂದು ಶೇಷಗಿರಿ ಕರೆದು ತೋರಿಸಿದಾಗ ಗದ್ದೆಪ್ಪ ಒಂದು ಕಣ್ಣು ಮುಚ್ಚಿ ಬಗ್ಗಿದ. ದೂರದಲ್ಲಿ ಅವನ ತಮ್ಮ ಮುದುಕಪ್ಪ ಕಾಲು ಮೇಲಾಗಿ ನಿಂತಿದ್ದ. ನೆಲ ಮೇಲಿತ್ತು, ಆಕಾಶ ಕೆಳಗಿತ್ತು.

ಗದ್ದೆಪ್ಪ ಸಾವಕಾಶ ಎದ್ದು ರುಮಾಲು ಸರಿಮಾಡಿಕೊಂಡು ಕೇಳಿದ: "ನೆಲಾ ಬುಡಮೇಲು ಮಾಡಿ ತೋರಿಸ್ತದೇನ್ರಿ ಇದು?"

"ಹೌದು," ಎಂದ ಶೇಷಗಿರಿ ಹೆಮ್ಮೆಯಿಂದ. "ಇದರ ಕಣ್ಣು ತಪ್ಪಿಸಲಿಕ್ಕೆ ಯಾರಿಂದಲೂ ಆಗೂದಿಲ್ಲ."

ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು: ಲೆವಿ ಸಾಹೇಬ ನೆಲವನ್ನು ಮಗುಚಿ ಅದರ ತಳ ನೋಡುವ ಯಂತ್ರ ತಂದಿದ್ದಾನೆ. ಚೊಂಬು ಬೋರಲು ಹಾಕಿದರೆ ಒಳಗಿರುವುದು ಹೇಗೆ ಹೊರಗೆ ಬೀಳುತ್ತದೋ ಹಾಗೆಯೇ ಹಗೇವು ಕಾಣುತ್ತದೆ. ಮುದುಕಪ್ಪ ತಾನು ತಲೆಕೆಳಗಾದಾಗ ಹೊಟ್ಟೆಯಲ್ಲಿ ತಳಮಳವಾದದ್ದು ನಿಜವೆಂದು ಸಾಕ್ಷಿ ನುಡಿದ.

ಶೇಷಗಿರಿ ಒಡ್ಡು ಹಾಯಬೇಕಾದ ಗೆರೆಯುದ್ದಕ್ಕೂ ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿದ. ಊರವರ ಕಣ್ಣಿಗೆ ಒಂದೊಂದು ಗೂಟವೂ ಒಂದೊಂದು ಹಗೇವಿನ ಗುರುತು. ಅಂದು ಸಂಜೆಯಿಂದ ಅವನು ಇಳಿದುಕೊಂಡಿದ್ದ ಹನುಮಪ್ಪನ ಗುಡಿಗೆ ಸಾಲುಹಿಡಿದು ಬಂದರು. ಬ್ರಾಹ್ಮಣ ಅಧಿಕಾರಿ ಬೇರೆಯವರ ಕೈಯ ಅಡುಗೆ ಉಣ್ಣುವುದಿಲ್ಲವೆಂದು ಹಾಲು, ಮೊಸರು, ಹಸಿ ಕಾಯಿಪಲ್ಲೆ ತಂದರು. ಶೇಷಗಿರಿ ಮಣ್ಣಿನ ಸವಕಳಿಯ ಬಗ್ಗೆ ಭಾಷಣ ಮಾಡಿದರೆ ತಲೆದೂಗಿದರು. ಹಳ್ಳದ ದಂಡೆಯಲ್ಲಿ ಆಡು ಬಿಡಬಾರದೆಂದರೆ ಬಿಡುವುದಿಲ್ಲ ಎಂದರು. ಹೊಂಗೆಯ ಸಸಿ ಹಚ್ಚಬೇಕೆಂದರೆ ಹಚ್ಚುತ್ತೇವೆ ಎಂದರು. ಹಣೆಗೆ ಬೇಕಾದರೂ ಹಚ್ಚಿಕೊಳ್ಳುತ್ತೇವೆ ಎಂಬಷ್ಟು ವಿನಯ. ಕಡೆಗೆ ಹೋಗುವಾಗ ಪ್ರತಿಯೊಬ್ಬನೂ ದನಿ ತಗ್ಗಿಸಿ, ತನ್ನ ಹೊಲದ ಗೂಟವೊಂದನ್ನು ಸ್ವಲ್ಪ ಆಚೆ ಹೊಡೆದರೆ ಉಪಕಾರವಾದೀತು ಎನ್ನುತ್ತಿದ್ದ.

ನೀರಿನ ಮಟ್ಟ ಯಾರ ಮುಲಾಜಿಗೂ ಸರಿಯುವುದಿಲ್ಲವೆಂದು ಶೇಷಗಿರಿ ಗಂಭೀರವಾಗಿ ಹೇಳಿದ. ಆದರೆ ಬೆಳಗಾಗೆದ್ದು ನೋಡಿದರೆ ಗೂಟಗಳು ತಾವಾಗಿ ಸರಿದಿದ್ದವು. ಗದ್ದೆಪ್ಪನ ಹೊಲದಲ್ಲಿ ಗುಡ್ಡ ಏರಿದ್ದವು, ಮುದುಕಪ್ಪನ ಹೊಲದಲ್ಲಿ ಹಳ್ಳಕ್ಕಿಳಿದಿದ್ದವು. ಬೇರೆ ಯಾರಾದರೂ ರೈತರನ್ನು ಸಂಶಯಿಸುತ್ತಿದ್ದರು. ಶೇಷಗಿರಿ ತನ್ನನ್ನೇ ಸಂಶಯಿಸಿದ. ಹಿಂದಿನ ದಿನ ಹ್ಯಾಟು ಕಣ್ಣಿಗೆ ಜಾರಿ ಮಟ್ಟ ತಪ್ಪಿರಬೇಕೆಂದು ಮತ್ತೆ ಮೊದಲಿನಿಂದ ಅಳೆದ. ಮರುದಿನ ಮತ್ತೆ ಸರಿದವು. ಎಲ್ಲರೂ ತಮ್ಮ ತಮ್ಮ ಹೊಲದಿಂದ ಆಚೆ ತಳ್ಳಿದ ಗೂಟಗಳು ಕೊನೆಗೆ ನಡುವಿನ ಒಂದೇ ಹೊಲದಲ್ಲಿ ಜಮಾಯಿಸಿದವು. ಅದು ಪಕೀರಮ್ಮನ ಹೊಲ.

ಪಕೀರಮ್ಮ ಗಂಡನಿಲ್ಲದ ಹೆಂಗಸು. ಹೊಲ, ಆಡು, ಬಾಯಿ ಮೂರನ್ನೂ ಒಬ್ಬಳೇ ನಿಭಾಯಿಸುತ್ತಿದ್ದಳು. ಅವಳು ಗೂಟಗಳನ್ನೆಲ್ಲ ಕಿತ್ತು, ಕಟ್ಟಿಗೆಯ ಹೊರೆಯಂತೆ ಕಟ್ಟಿ ತಂದು ಗುಡಿಯ ಮುಂದೆ ಒಗೆದಳು.

"ಊರ ಗೂಟೆಲ್ಲಾ ನನ್ನ ಹೊಲದಾಗ ಬಡದೀರಲ್ಲ, ಮೂವತ್ತು ದನಾ ಕಟ್ಟಾಕ ನಾ ಏನ್ ಗೌಡತೇನ್ರಿ?" ಎಂದಳು. "ನಿಮ್ಮ ಒಡ್ಡು ಬ್ಯಾಡ, ಏನೂ ಬ್ಯಾಡ. ಸಾಹೇಬ್ರು ಬಂದ್ರೂ ನಾ ಇದ್ನ ಹೇಳಾಕಿ."

ಒಬ್ಬಳು ತಲೆ ಅಲ್ಲಾಡಿಸಿದಂತಾಯಿತು. ಅವಳನ್ನು ಹೇಗೆ ಒಪ್ಪಿಸುವುದೆಂದು ಶೇಷಗಿರಿ ತಲೆಕೆಡಿಸಿಕೊಂಡಿರುವಾಗಲೇ, ಮಾನ್ವಿಯಿಂದ ಗಾಡಿ ಮಾಡಿಕೊಂಡು ಪ್ರಹ್ಲಾದಾಚಾರ್ಯರು ಬಂದಿಳಿದರು. ಅಳಿಯ ದೇವದುರ್ಗದ ಕಡೆ ದೊಡ್ಡ ಅಧಿಕಾರಿಯಾಗಿ ಮೆರೆಯುತ್ತಿದ್ದಾನೆಂಬ ಸುದ್ದಿ ಸಂತೆಯಿಂದ ಸಂತೆಗೆ ದಾಟಿ ಅವರಿಗೆ ಮುಟ್ಟಿತ್ತು. ನಿಜವಾದರೆ ಸಂತೋಷ, ಸುಳ್ಳಾದರೆ ವಿಚಾರಣೆ. ಚಾವಡಿಯಲ್ಲಿ ಕೂತಿದ್ದ ಗದ್ದೆಪ್ಪ ಎದ್ದು ನಮಸ್ಕರಿಸಿ, ಲೆವಿ ಸಾಹೇಬರು ತಮಗೇನಾಗಬೇಕೆಂದು ವಿಚಾರಿಸಿದ.

ಆಚಾರ್ಯರು ಯಾವ ವಿಷಯವನ್ನೂ ಅಸ್ಪಷ್ಟವಾಗಿ ಬಿಡುವವರಲ್ಲ. "ಯಾರು, ನಮ್ಮ ಶೇಷಗಿರಿಯೇ? ಲೆವಿ ಸಾಹೇಬನಾಗಿದ್ರ ನನ್ನ ಮಗಳು ಎಂದೋ ಅವನ ಮನಿಯೊಳಗ ಇರತಿದ್ಲು," ಎಂದರು. "ಇಂವಾ ಬೇಸಾಯ ಖಾತೆಯಂವಾ. ಅದೂ ಹಂಗಾಮಿ. ಮಣ್ಣು ಹರಿದು ಹೋಗದಂಗ ನೋಡಿಕೊಳ್ಳೂದು, ಹುಲ್ಲು ಬೆಳಸೂದು, ಅಷ್ಟ ಇವನ ಅಧಿಕಾರ. ನಿಮ್ಮ ಜೋಳದ ಒಂದು ಕಾಳೂ ಮುಟ್ಟೋ ಹುಕುಂ ಇವನಿಗಿಲ್ಲ."

ಪಾಠಶಾಲೆಯಲ್ಲಿ ಹಿಂದಿನ ಸಾಲಿಗೂ ಕೇಳುವ ದನಿ ಅದು. ಊರಿಗೆಲ್ಲ ಕೇಳಿಸಿತು. ಶೇಷಗಿರಿಗೆ ತಾನು ಇಷ್ಟು ದಿನ ಲೆವಿಯವನಾಗಿದ್ದೆನೆಂದು ಆಗಲೇ ಗೊತ್ತಾದದ್ದು. ಮೆಹಬೂಬ್ ಪಾಷಾ ಬಾವಿಗೆ ನೀರು ತರಲು ಹೋದವನು ಬಹಳ ಹೊತ್ತು ಬರಲಿಲ್ಲ.

ಸಂಜೆಗೆ ಹಾಲು ಬರಲಿಲ್ಲ. ಮರುದಿನ ಮೊಸರೂ ಬರಲಿಲ್ಲ. ಗೂಟದ ಕೆಂಪು ಬಟ್ಟೆಗಳು ಊರಿನ ಎತ್ತುಗಳ ಕೊಂಬಿಗೆ ಏರಿದವು. ಹಳ್ಳದ ದಂಡೆಗೆ ಆಡುಗಳು ಎಂದಿನಂತೆ ಬಂದವು. ಅವು ನಾಲ್ಕು ದಿನದ ಹಸಿವಿನಿಂದ ಬಂದಂತಿತ್ತು. ಗದ್ದೆಪ್ಪ ದಾರಿಯಲ್ಲಿ ಸಿಕ್ಕಾಗ, ಒಡ್ಡಿನ ಮಾತು ಮುಂದಿನ ವರ್ಷ ನೋಡಿದರಾಯಿತು ಎಂದ. ಮೊಹತಮಿಮ್ ಸಾಹೇಬರು ಬರುವುದು ಅದೇ ವಾರ. ಅವರ ಹಿಂದೆಯೇ ನಿಜವಾದ ಲೆವಿಯವರೂ ಬರುತ್ತಾರೆಂದು ಪಟವಾರಿ ಹೇಳಿಹೋಗಿದ್ದ. ಆಚಾರ್ಯರು ಅಳಿಯನ ಕಥೆಯ ಕೊನೆ ನೋಡಿಯೇ ಹೋಗುವುದೆಂದು ಗುಡಿಯ ಪಡಸಾಲೆಯಲ್ಲಿ ಹಾಸಿಗೆ ಬಿಚ್ಚಿದರು.

ಶೇಷಗಿರಿ ಹ್ಯಾಟು ಬಿಟ್ಟು ಬರಿತಲೆಯಲ್ಲಿ ಪಕೀರಮ್ಮನ ಮನೆಗೆ ಹೋದ. ಒಪ್ಪುವವರಲ್ಲಿ ಅವಳು ಕಡೆಯವಳು. ಆದರೆ ಒಲ್ಲೆನೆಂದು ಮುಖದ ಮೇಲೆ ಹೇಳಿದವಳೂ ಅವಳೊಬ್ಬಳೇ. ಕಟ್ಟೆಯ ಮೇಲೆ ಕೂತು ಅವನು ಖಾತೆಯ ನಿಯಮಗಳನ್ನೆಲ್ಲ ಒಪ್ಪಿಸಿದ. ಒಡ್ಡು ಹಾಕಿದರೆ ಮಣ್ಣು ನಿಲ್ಲುತ್ತದೆ. ಮಣ್ಣು ನಿಂತರೆ ನೀರು ನಿಲ್ಲುತ್ತದೆ. ಅವಳು ಆಡಿನ ಮೈಯಿಂದ ಉಣ್ಣೆಹುಳ ಕೀಳುತ್ತ ಕೇಳುತ್ತಿರಲಿಲ್ಲ. ಒಡ್ಡನ್ನು ಸರಕಾರದ ಆಸ್ತಿಯೆಂದು ಬಗೆಯಲಾಗುವುದು, ಅದನ್ನು ಅಗೆದವರಿಗೆ ದಂಡ ಮತ್ತು ಸೆರೆ ಎಂಬ ಕಡೆಯ ನಿಯಮಕ್ಕೆ ಬಂದಾಗ ಅವಳ ಕೈ ನಿಂತಿತು.

"ಯಾರು ಅಗದ್ರೂನೇನ್ರಿ?"

"ಯಾರು ಅಗದ್ರೂ."

"ಲೆವಿಯವ್ರು?"

ಶೇಷಗಿರಿ ಯೋಚಿಸಿದ. ನಿಯಮದಲ್ಲಿ ಯಾರಿಗೂ ವಿನಾಯಿತಿ ಇರಲಿಲ್ಲ. "ಮೊಹತಮಿಮ್ ಸಾಹೇಬರ ಹುಕುಂ ಇಲ್ಲದ ಅವರೂ ಸಲಾಕಿ ಹಾಕೂ ಹಂಗಿಲ್ಲ," ಎಂದ.

ಪಕೀರಮ್ಮ ಆಡನ್ನು ಬಿಟ್ಟು ಎದ್ದಳು. ಆಮೇಲೆ ಅವನಿಗೆ ಒಂದು ಚೊಂಬು ಮಜ್ಜಿಗೆ ಕೊಟ್ಟು ಗದ್ದೆಪ್ಪನ ಮನೆಯ ಕಡೆ ಹೊರಟಳು.

ಬೆಳಗಾಗುವಷ್ಟರಲ್ಲಿ ಗುಡ್ಡದ ಬದಿಯಲ್ಲಿ ಇಡೀ ಊರು ನೆರೆದಿತ್ತು. ಗೂಟಗಳು ಮೊದಲ ದಿನ ಹೊಡೆದಲ್ಲಿಗೇ ಬಂದಿದ್ದವು. ಗಂಡಸರು ಗುದ್ದಲಿ ಹಿಡಿದಿದ್ದರು, ಹೆಂಗಸರು ಬುಟ್ಟಿ ಹೊತ್ತಿದ್ದರು. ಗೆರೆ ತನ್ನ ಹೊಲದಲ್ಲಿ ಹಾಯಬೇಕೆಂದು ಈಗ ಜಗಳ. ಶೇಷಗಿರಿಯ ಕಣ್ಣು ತುಂಬಿತು. ತನ್ನ ಭಾಷಣಗಳು ಒಳಗಿಳಿಯಲು ಕಾಲ ಹಿಡಿದವೇ ಹೊರತು ವ್ಯರ್ಥವಾಗಿರಲಿಲ್ಲ. ಅವನು ಗೆರೆಯುದ್ದಕ್ಕೂ ನಡೆಯುತ್ತ ಗದ್ದೆಪ್ಪನ ಹೊಲಕ್ಕೆ ಬಂದಾಗ, ಗೆರೆಯ ಮೇಲೆ ಆಳವಾದ ಗುಳಿಯೊಂದು ಕಂಡಿತು. ಮುದುಕಪ್ಪ ಅದರೊಳಗೆ ಚೀಲದಿಂದ ಜೋಳ ಸುರುವುತ್ತಿದ್ದ.

"ಏನಿದು?" ಎಂದ ಶೇಷಗಿರಿ.

"ಒಡ್ಡಿನ ಬುನಾದಿ ರೀ," ಎಂದ ಗದ್ದೆಪ್ಪ. "ಬುನಾದಿ ಗಟ್ಟಿ ಇರಬೇಕಂತ ನೀವ ಹೇಳೀರಲ್ಲ."

ಶೇಷಗಿರಿ ಗುಳಿಯನ್ನು ನೋಡಿದ, ಜೋಳವನ್ನು ನೋಡಿದ, ಗದ್ದೆಪ್ಪನನ್ನು ನೋಡಿದ. ಎಲ್ಲವೂ ಸರಿಯಾಗಿಯೇ, ತಲೆ ಮೇಲಾಗಿಯೇ ಕಂಡವು. ಆಮೇಲೆ ಅವನು ದುರ್ಬೀನನ್ನು ಬೇರೆ ಕಡೆ ತಿರುಗಿಸಿ, ಗುಳಿಯ ಮೇಲೆ ಮಣ್ಣು ಬೀಳುವ ಸಪ್ಪಳ ನಿಲ್ಲುವತನಕ ದೂರದ ಕೃಷ್ಣಾ ನದಿಯ ಮಟ್ಟ ನೋಡುತ್ತ ನಿಂತ. ಅಲ್ಲಿಂದ ಕೃಷ್ಣಾ ಕಾಣುವುದಿಲ್ಲ.

ಮಳೆ ಬಂದು ಒಡ್ಡಿಗೆ ನೀರು ನಿಂತರೆ ಜೋಳ ಕೊಳೆಯುತ್ತದೆಂಬುದು ಊರಿಗೆ ಗೊತ್ತಿತ್ತು. ಮಿರಗಕ್ಕೆ ಮುಂಚೆ ಲೆವಿಯವರು ಬಂದುಹೋದರೆ ಸಾಕು, ಆಮೇಲೆ ಕಾಳು ತೆಗೆದು ಗುಳಿಗೆ ಮಣ್ಣು ಜಡಿದು ಒಡ್ಡು ಗಟ್ಟಿ ಮಾಡುವುದೆಂದು ಪಕೀರಮ್ಮ ತೀರ್ಮಾನಿಸಿದ್ದಳು. ಉಳಿದದ್ದು ಒಂದೇ ತೊಡಕು: ಹಸಿ ಮಣ್ಣು ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಒಡ್ಡು ಹಳೆಯದೆನ್ನುವಂತೆ ಅದರ ಮೇಲೆ ಹುಲ್ಲು ಇರಬೇಕು. ಹೀಗಾಗಿ ಊರವರು ಕೆರೆಯ ಅಂಗಳದಿಂದ ಕರಿಕೆ ಹುಲ್ಲನ್ನು ಬೇರುಸಹಿತ ಕಿತ್ತುತಂದು ಹಚ್ಚಿದರು. ಬಿರುಬೇಸಿಗೆಯಲ್ಲಿ ಕೊಡ ಹೊತ್ತು ನೀರು ಹಾಕಿದರು. ದಂಡೆಗೂ ಹೊಂಗೆ ನೆಟ್ಟರು. ಗುಡ್ಡದ ಮೇಲೆ ಮಾತ್ರ ಹಸಿರಿದ್ದರೆ ಕಣ್ಣಿಗೆ ಹೊಡೆಯುತ್ತದಲ್ಲ. ಒಂದು ಆಡು ಒಡ್ಡಿಗೆ ಬಾಯಿ ಹಾಕಿದ್ದಕ್ಕೆ ಪಕೀರಮ್ಮ ಅದನ್ನು ಅರ್ಧ ಹರದಾರಿ ಅಟ್ಟಿಸಿಕೊಂಡು ಹೋದಳು. ಆಡು ಅವಳದೇ.

ಸೈಫುದ್ದೀನ್ ಸಾಹೇಬರು ಬಂದ ದಿನವೇ ಲೆವಿ ಇನ್ಸ್‌ಪೆಕ್ಟರರೂ ಬಂದರು. ಮೊಹತಮಿಮರು ಒಡ್ಡಿನ ತುದಿಯಲ್ಲಿ ನಿಂತು ನೋಡಿದರು: ಒಂದೇ ಮಟ್ಟದ ಗೆರೆ, ಹಚ್ಚ ಹುಲ್ಲು, ಉರಿಬಿಸಿಲಲ್ಲಿ ಹುಲ್ಲಿಗೆ ನೀರು ಹಾಕುತ್ತಿರುವ ರೈತರು. ಅವರ ನೌಕರಿಯಲ್ಲಿ ರೈತರು ಬೆಳೆಗೆ ನೀರು ಹಾಕಿದ್ದನ್ನು ಕಂಡಿದ್ದರು, ಹುಲ್ಲಿಗೆ ಕಂಡಿರಲಿಲ್ಲ. ಒಪ್ಪಿಗೆಯೇ ಎಂದು ಕೇಳಿದಾಗ ಎಲ್ಲರೂ ಒಟ್ಟಿಗೆ ಹೌದೆಂದರು. ಪಕೀರಮ್ಮ ಎಲ್ಲರಿಗಿಂತ ಜೋರಾಗಿ ಎಂದಳು.

ಇನ್ಸ್‌ಪೆಕ್ಟರರಿಗೂ ಹುಲ್ಲಿಗೆ ನೀರು ಹಾಕುವುದು ವಿಚಿತ್ರವಾಗಿಯೇ ಕಂಡಿತು. ಆದರೆ ಶೇಷಗಿರಿಯಂತೆ ಅವರ ಕಣ್ಣು ತುಂಬಲಿಲ್ಲ. ಸಲಾಕೆ ತರಿಸಿ ಒಡ್ಡಿಗೆ ಚುಚ್ಚಲು ಹೇಳಿದರು. ಗದ್ದೆಪ್ಪನ ರುಮಾಲು ತಾನಾಗಿ ಸಡಿಲಾಯಿತು. ಶೇಷಗಿರಿ ನಿಯಮ ಹೇಳಲೆಂದು ಮುಂದೆ ಬಂದ.

ಅವನು ಹೇಳಬೇಕಾದ್ದನ್ನು ಮೊಹತಮಿಮರೇ ಹೇಳಿದರು. ತಮ್ಮ ಖಾತೆ ವರ್ಷಗಟ್ಟಲೆ ಬೇಡಿ ಪಡೆದ ಒಡ್ಡಿಗೆ ಯಾವನಾದರೂ ಕಬ್ಬಿಣ ಮುಟ್ಟಿಸಿದರೆ ಮಾತು ಹೈದರಾಬಾದಿನವರೆಗೆ ಹೋಗುತ್ತದೆ ಎಂದರು. ಇನ್ಸ್‌ಪೆಕ್ಟರರು ಸಲಾಕೆ ಕೆಳಗಿಟ್ಟು ಊರೊಳಗಿನ ಹಳೆಯ ಹಗೇವುಗಳನ್ನು ತೆಗೆಸಿದರು. ಅಲ್ಲಿ ಸಿಕ್ಕಷ್ಟನ್ನು ಲೆವಿಗೆಂದು ತಕರಾರಿಲ್ಲದೆ ಕೊಟ್ಟು ಊರು ಅವರನ್ನು ಹೂಮಾಲೆ ಹಾಕಿ ಕಳಿಸಿತು.

ಕಳಿಸುವ ಮೊದಲು ಚಾವಡಿಯಲ್ಲಿ ಸೈಫುದ್ದೀನ್ ಸಾಹೇಬರು ಶೇಷಗಿರಿಯ ಬೆನ್ನು ತಟ್ಟಿ, ಮಾತು ಕೊಟ್ಟಂತೆ ಕಾಯಂ ನೌಕರಿ ಕೊಡಿಸುವುದಾಗಿ ಸಾರಿದರು. ತಮ್ಮ ಖಾತೆಯಲ್ಲಿ ಕಾಯಂ ಜಾಗವಿಲ್ಲ. ಆದರೆ ರೈತರನ್ನು ಇಷ್ಟು ಚೆನ್ನಾಗಿ ಬಲ್ಲವನನ್ನು ಲೆವಿ ಖಾತೆಯವರು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ. ಇನ್ಸ್‌ಪೆಕ್ಟರರು ತಲೆಯಾಡಿಸಿದರು. ಜಾಲಿಹಾಳವೂ ಅವನ ವಲಯಕ್ಕೇ ಸೇರುತ್ತದಂತೆ. ಶೇಷಗಿರಿ ಒಂದು ವಾರದೊಳಗೆ ಉತ್ತರ ಹೇಳಬೇಕು.

ಊರವರು ಗುಡ್ಡದ ಕಡೆ ನೋಡಿದರು. ಯಾವ ಹೊಲದಲ್ಲಿ, ಯಾವ ಗೂಟದ ಕೆಳಗೆ ಎಷ್ಟು ಬುನಾದಿ ಇದೆಯೆಂದು ಬಲ್ಲ ಹೊರಗಿನವನು ಜಗತ್ತಿನಲ್ಲಿ ಒಬ್ಬನೇ ಇದ್ದ. ಆಚಾರ್ಯರು ಮಾತ್ರ ಆ ಕ್ಷಣವೇ ಗಾಡಿ ಹೂಡಿಸಿ ಮಗಳನ್ನು ಕರೆತರಲು ಮಾನ್ವಿಗೆ ಹೊರಟರು.

ಆ ವಾರವೆಲ್ಲ ಶೇಷಗಿರಿಗೆ ಹಾಲು, ಮೊಸರು ಬಂದವು, ತಂದವರು ಹೊಸ್ತಿಲಲ್ಲಿಟ್ಟು ತಿರುಗಿ ಹೋದರು. ಕಾಯಂ ಎಂದರೆ ಹೆಂಡತಿ. ಒಲ್ಲೆನೆಂದರೆ ಮತ್ತೆ ಹಬ್ಬದ ತಡವಾದ ತುಪ್ಪ. ಕಡೆಯ ದಿನ ಗಾಡಿ ಬಂದು ಗುಡಿಯ ಮುಂದೆ ನಿಂತಾಗಲೂ ಅವನು ಉತ್ತರ ಕಳಿಸಿರಲಿಲ್ಲ. ಗಾಡಿಯಲ್ಲಿ ಟ್ರಂಕು ಇತ್ತು, ಅದರ ಮೇಲೆ ಅಹಲ್ಯಾಬಾಯಿ ಇದ್ದಳು. ಸುತ್ತಲೂ ಊರು ನೆರೆದಿತ್ತು.

ಆಚಾರ್ಯರು ಇಳಿದರು. ಅವಳು ಇಳಿಯಲಿಲ್ಲ.

"ಲೆವಿಯವರಾಗತೀರಂತ ಅಪ್ಪ ದಾರಿಯೊಳಗ ಹೇಳಿದ್ರು," ಎಂದಳು ಗಂಡನಿಗೆ. "ಖರೇ ಏನು?"

"ಕಾಯಂ ನೌಕರಿ," ಎಂದ ಶೇಷಗಿರಿ, ನೆಲ ನೋಡುತ್ತ.

"ಲೆವಿಯವನ ಹೆಂಡತಿ ಅಂದ್ರ ಯಾವ ಬಾವಿಗೆ ಹೋದ್ರೂ ನನಗ ಹಗ್ಗಾ ಕೊಡೂದಿಲ್ಲ. ಅದೂ ಹೋಗಲಿ. ನೀವು ಆ ಕೆಲಸಕ್ಕ ಸೇರಿದ್ರ ಮೊದಲು ಮಾನ್ವಿಗೆ ಶೋಧಕ್ಕ ಬರಬೇಕಾಗತದ. ನಮ್ಮ ದೇವರಮನಿ ಕಟ್ಟಿ ಒಳಗ ಅಪ್ಪ ಐದು ಚೀಲಾ ಜೋಳಾ ಇಟ್ಟು ಮ್ಯಾಲ ಸುಣ್ಣದ ಗಿಲಾವು ಮಾಡಿಸ್ಯಾರ. ಅದರ ಮ್ಯಾಲ ಕೂತು ದಿನಾ ಪೂಜಾ ನಡದದ."

ಗದ್ದೆಪ್ಪ ಆಚಾರ್ಯರನ್ನು ಮೊದಲ ಬಾರಿಗೆ ನೆಂಟನಂತೆ ನೋಡಿದ. ಪಕೀರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು.

ಆಚಾರ್ಯರು ಶಾಲು ಕೊಡವಿ ಮತ್ತೆ ಹೊದ್ದರು. ಜಗತ್ತು ಸತ್ಯ, ಇಲ್ಲಿ ಕಾಣುವುದೆಲ್ಲ ನಿಜವಾದದ್ದು, ನಿಲ್ಲುವಂಥದ್ದು ಎಂದು ಆಯುಷ್ಯವಿಡೀ ಪಾಠ ಹೇಳಿದವರು ಅವರು. ಬೇರೆ ಮತದವರು ಬಂದು ವಾದಿಸಿದಾಗಲೂ ಕೂದಲೆಳೆಯಷ್ಟು ಬಿಟ್ಟುಕೊಟ್ಟವರಲ್ಲ. ಈಗ ಪಾಠಶಾಲೆಯ ದನಿಯನ್ನು ಬಹಳ ತಗ್ಗಿಸಿ ಹೇಳಿದರು:

"ಶೇಷಗಿರಿ, ವಿಚಾರ ಮಾಡಿ ನೋಡಿದ್ರ ಈ ಲೋಕದೊಳಗ ಎಲ್ಲಾ ಹಂಗಾಮೀನೇ ನೋಡಪಾ."

ಗದ್ದೆಪ್ಪನೂ ಮುದುಕಪ್ಪನೂ ಒಟ್ಟಿಗೆ ಮುಂದೆ ಬಂದು ಟ್ರಂಕು ಇಳಿಸಿದರು.